ವಿ-ಲ್ಯಾನ್ ತಾನಾಗಿ ಹಬ್ಬಲು ಕಲಿತ ಬಗೆ

ಈಥರ್ನೆಟ್ ಜಾಲದಲ್ಲಿ ಯಾವುದಾದರೊಂದು ಕಂಪ್ಯೂಟರು ಎಲ್ಲರನ್ನೂ ಉದ್ದೇಶಿಸಿ ಕಳುಹಿಸುವ ಸಂದೇಶ, ಅಂದರೆ ಬ್ರಾಡ್‌ಕಾಸ್ಟ್, ಜಾಲದ ಮೂಲೆಮೂಲೆಗೂ ಮುಟ್ಟುತ್ತದೆ. ಯಂತ್ರಗಳ ಸಂಖ್ಯೆ ಏರಿದಂತೆ ಈ ಹೊರೆಯೂ ಏರುತ್ತದೆ. ಹೊಸ ತಂತಿ ಎಳೆಯದೆ, ಇರುವ ಸ್ವಿಚ್ಚುಗಳಲ್ಲಿಯೇ ಪೋರ್ಟುಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನ ಸಂದೇಶ ಇನ್ನೊಂದಕ್ಕೆ ಹರಿಯದಂತೆ ತಡೆಯುವ ಏರ್ಪಾಡಿಗೆ ವರ್ಚುವಲ್ ಲ್ಯಾನ್, ಚಿಕ್ಕದಾಗಿ ವಿ-ಲ್ಯಾನ್, ಎಂದು ಹೆಸರು.

ಇದರ ಮೂಲ 1980ರ ದಶಕದ ಅಮೆರಿಕದಲ್ಲಿದೆ. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನವು, ಸಂದೇಶಗಳು ಜಾಲದಲ್ಲಿ ಕೊನೆಯಿಲ್ಲದೆ ಸುತ್ತುವುದನ್ನು ತಪ್ಪಿಸಲು ಹೆಚ್ಚುವರಿ ದಾರಿಗಳನ್ನು ಮುಚ್ಚಿ ಒಂದೇ ಮರದ ಆಕಾರವನ್ನು ಉಳಿಸುತ್ತಿತ್ತು. ಇದರಿಂದಾಗಿ ದಟ್ಟಣೆಯೆಲ್ಲ ಮರದ ಬುಡದತ್ತ ನೂಕಲ್ಪಡುತ್ತಿತ್ತು. ಬೆಲ್‌ಕೋರ್ ಪ್ರಯೋಗಾಲಯದ ಡಬ್ಲ್ಯೂ. ಡೇವಿಡ್ ಸಿಂಕೋಸ್ಕಿ ಮತ್ತು ಚೇಸ್ ಕಾಟನ್ ಒಂದೇ ಜಾಲದ ಮೇಲೆ ಹಲವು ಮರಗಳನ್ನು ಹರಡಿ, ಪ್ರತಿ ಸಂದೇಶಕ್ಕೂ ಅದು ಯಾವ ಮರದ್ದೆಂದು ತಿಳಿಸುವ ಗುರುತನ್ನು ಅಂಟಿಸುವ ಉಪಾಯವನ್ನು 1988ರ ಪ್ರಬಂಧದಲ್ಲಿ ಮುಂದಿಟ್ಟರು. ಆ ಗುರುತೇ ಮುಂದೆ ವಿ-ಲ್ಯಾನ್ ಟ್ಯಾಗ್ ಆಯಿತು. ಸಿಸ್ಕೊ ತನ್ನದೇ ಆದ ಐಎಸ್‌ಎಲ್ ಪದ್ಧತಿಯನ್ನು ಬಳಸುತ್ತಿದ್ದ ಕಾಲದಲ್ಲಿ, ಎಲ್ಲ ತಯಾರಕರಿಗೂ ಒಪ್ಪುವ 802.1ಕ್ಯೂ ಮಾನದಂಡವನ್ನು ಐಇಇಇ 1998ರಲ್ಲಿ ಪ್ರಕಟಿಸಿತು. ಅದರ ಟ್ಯಾಗ್ 4 ಬೈಟ್ ಉದ್ದದ್ದು. ವಿ-ಲ್ಯಾನ್ ಸಂಖ್ಯೆಗೆ ಅದರಲ್ಲಿ 12 ಬಿಟ್‌ಗಳು ಮೀಸಲಾಗಿದ್ದು, 0 ಮತ್ತು 4095ನ್ನು ಬಿಟ್ಟರೆ 4094 ಸಂಖ್ಯೆಗಳು ಬಳಕೆಗೆ ದೊರೆಯುತ್ತವೆ.

ವಿಭಜನೆಯೇನೋ ಸುಲಭವಾಯಿತು, ಆದರೆ ನಿರ್ವಹಣೆ ಕಷ್ಟವಾಯಿತು. ಹೊಸ ವಿಭಾಗವೊಂದಕ್ಕೆ ವಿ-ಲ್ಯಾನ್ 30 ಬೇಕೆಂದರೆ, ಅದನ್ನು ದಾರಿಯ ಪ್ರತಿಯೊಂದು ಸ್ವಿಚ್ಚಿನಲ್ಲೂ ಕೈಯಾರೆ ಸೃಷ್ಟಿಸಬೇಕಿತ್ತು, ಸ್ವಿಚ್ಚುಗಳನ್ನು ಪರಸ್ಪರ ಜೋಡಿಸುವ ಟ್ರಂಕ್ ಕೊಂಡಿಗಳ ಎರಡೂ ತುದಿಗಳಲ್ಲಿ ಅದಕ್ಕೆ ಅನುಮತಿ ನೀಡಬೇಕಿತ್ತು. ನಡುವೆ ಒಂದೇ ಒಂದು ಕಡೆ ಮರೆತರೂ ಸಂಪರ್ಕ ಕಡಿಯುತ್ತಿತ್ತು.

ಸಿಸ್ಕೊದ ಉತ್ತರ ವಿಟಿಪಿ ಎಂಬ ನಿಯಮಾವಳಿ. ಅದರಲ್ಲಿ ಸರ್ವರ್ ಸ್ಥಾನದ ಸ್ವಿಚ್ಚಿನಲ್ಲಿ ಮಾಡಿದ ವಿ-ಲ್ಯಾನ್ ಪಟ್ಟಿಯು ಒಂದೇ ಡೊಮೇನಿನ ಉಳಿದ ಸ್ವಿಚ್ಚುಗಳಿಗೆ ತಾನಾಗಿ ಹರಡುತ್ತದೆ. ಪ್ರತಿ ಬದಲಾವಣೆಗೂ ಪರಿಷ್ಕರಣ ಸಂಖ್ಯೆ ಒಂದರಂತೆ ಏರುತ್ತದೆ, ಹೆಚ್ಚಿನ ಸಂಖ್ಯೆಯ ಪಟ್ಟಿಯೇ ಹೊಸದೆಂದು ಉಳಿದವು ಒಪ್ಪುತ್ತವೆ. ಅಪಾಯ ಇಲ್ಲಿಯೇ ಇದೆ. ಪ್ರಯೋಗಕ್ಕೆಂದು ಬಳಸಿ ಮೂಲೆಗಿಟ್ಟ ಸ್ವಿಚ್ಚೊಂದರಲ್ಲಿ ಈ ಸಂಖ್ಯೆ 60ಕ್ಕೆ ಏರಿದ್ದು, ಕಚೇರಿಯ ಜಾಲ 45ರಲ್ಲಿದ್ದು, ಡೊಮೇನ್ ಹೆಸರೂ ಗುಪ್ತಪದವೂ ಒಂದೇ ಆಗಿದ್ದರೆ, ಹಳೆಯ ಸ್ವಿಚ್ಚನ್ನು ಟ್ರಂಕಿಗೆ ಜೋಡಿಸಿದೊಡನೆ ಅದರ ಪಟ್ಟಿಯು ಕಚೇರಿಯ ಪಟ್ಟಿಯನ್ನು ಅಳಿಸಿ ಕೂರುತ್ತದೆ, ಅಳಿದ ವಿ-ಲ್ಯಾನ್‌ಗಳಿಗೆ ಸೇರಿದ್ದ ಪೋರ್ಟುಗಳೆಲ್ಲ ನಿಷ್ಕ್ರಿಯವಾಗುತ್ತವೆ. ಮೂರನೆಯ ಆವೃತ್ತಿಯಲ್ಲಿ ಬದಲಾವಣೆಯ ಅಧಿಕಾರವನ್ನು ಒಂದೇ ಪ್ರಾಥಮಿಕ ಸರ್ವರಿಗೆ ಸೀಮಿತಗೊಳಿಸಿ ಈ ದೋಷವನ್ನು ಸರಿಪಡಿಸಲಾಯಿತು.

ಐಇಇಇ ಹಿಡಿದ ದಾರಿ ಬೇರೆ, ಮತ್ತು ತತ್ತ್ವದ ದೃಷ್ಟಿಯಿಂದ ಹೆಚ್ಚು ಆರೋಗ್ಯಕರವಾದದ್ದು. 1998ರ ಮಾನದಂಡದಲ್ಲಿಯೇ ಸೇರಿದ್ದ ಜಿವಿಆರ್‌ಪಿಯಲ್ಲಿ ಕೇಂದ್ರ ಪಟ್ಟಿಯೆಂಬುದೇ ಇಲ್ಲ: ತನಗೆ ವಿ-ಲ್ಯಾನ್ 30 ಬೇಕೆಂದು ಒಂದು ಸ್ವಿಚ್ ನೆರೆಯದಕ್ಕೆ ಘೋಷಿಸುತ್ತದೆ, ಘೋಷಣೆ ಬಂದ ಪೋರ್ಟಿನಲ್ಲಿ ನೆರೆಯದು ಅದನ್ನು ದಾಖಲಿಸಿಕೊಂಡು ತನ್ನ ಇತರ ಪೋರ್ಟುಗಳಿಂದ ಮುಂದಕ್ಕೆ ಸಾರುತ್ತದೆ. ಶಾಲೆಯಲ್ಲಿ ದಿನವೂ ಹೊಸದಾಗಿ ಹಾಜರಿ ಕರೆಯುವಂತೆ, ವಾಡಿಕೆಯ ಹೊಂದಿಕೆಯಲ್ಲಿ ಸುಮಾರು 10 ಸೆಕೆಂಡಿಗೊಮ್ಮೆ ಎಲ್ಲ ದಾಖಲೆಗಳೂ ಅಳಿಯಲಿವೆ ಎಂಬ ಸೂಚನೆ ಹೊರಡುತ್ತದೆ. ಬೇಕಾದವರು ಮತ್ತೆ ಘೋಷಿಸಿ ಉಳಿಸಿಕೊಳ್ಳುತ್ತಾರೆ, ಯಾರೂ ಕೇಳದ ದಾಖಲೆ ತಾನಾಗಿ ಬಿದ್ದುಹೋಗುತ್ತದೆ.

ಇದರ ದೌರ್ಬಲ್ಯ ಗಾತ್ರದಲ್ಲಿತ್ತು. ಒಂದೊಂದು ವಿ-ಲ್ಯಾನ್ ಘೋಷಣೆಗೂ 4 ಬೈಟ್ ಬೇಕಿದ್ದುದರಿಂದ 4094ಕ್ಕೂ ಸೇರಿ 16,000 ಬೈಟ್ ಮೀರುತ್ತಿತ್ತು. ಸಾಮಾನ್ಯ ಈಥರ್ನೆಟ್ ಫ್ರೇಮಿನ ಒಡಲು 1500 ಬೈಟ್ ಮಾತ್ರವಾದ್ದರಿಂದ ಹತ್ತಕ್ಕೂ ಹೆಚ್ಚು ಫ್ರೇಮುಗಳು ಓಡಾಡಬೇಕಿತ್ತು. 2007ರ 802.1ಎಕೆ ತಿದ್ದುಪಡಿಯ ಮೂಲಕ ಬಂದ ಎಂವಿಆರ್‌ಪಿ ಇದನ್ನು ಪರಿಹರಿಸಿದ ರೀತಿ ಮೆಚ್ಚತಕ್ಕದ್ದು. ಒಂದು ವಿ-ಲ್ಯಾನಿನ ಬಗ್ಗೆ ಹೇಳಬೇಕಾದ ಸ್ಥಿತಿಗಳು ಆರೇ. ಮೂರು ವಿ-ಲ್ಯಾನ್‌ಗಳ ಸ್ಥಿತಿಗಳು ಸೇರಿ 6ರ ಘನವಾದ 216 ಬಗೆಗಳಾಗುತ್ತವೆ. ಒಂದು ಬೈಟು 256 ಬೆಲೆಗಳನ್ನು ಹಿಡಿಯಬಲ್ಲದು. ಹೀಗೆ ಮೂರು ಮೂರನ್ನು ಒಂದೊಂದು ಬೈಟಿನಲ್ಲಿ ತುಂಬಿದಾಗ 4094 ವಿ-ಲ್ಯಾನ್‌ಗಳ ಸ್ಥಿತಿಗೆ 1365 ಬೈಟ್ ಸಾಕಾಗಿ, ಇಡೀ ಪಟ್ಟಿ ಒಂದೇ ಫ್ರೇಮಿನಲ್ಲಿ ಹಿಡಿಯಿತು.

ಆದರೂ ಘೋಷಣೆ ಮಾಡಿದವರು ಯಾರೆಂದು ದೃಢಪಡಿಸಿಕೊಳ್ಳುವ ವ್ಯವಸ್ಥೆ ಎಂವಿಆರ್‌ಪಿಯೊಳಗೆ ಇಲ್ಲ. ಆದ್ದರಿಂದ ಅದನ್ನು ನಂಬಿಕಸ್ತ ಸ್ವಿಚ್ಚುಗಳ ನಡುವಿನ ಕೊಂಡಿಗಳಲ್ಲಿ ಮಾತ್ರ ತೆರೆದು, ಬಳಕೆದಾರರ ಪೋರ್ಟುಗಳಲ್ಲಿ ಮುಚ್ಚಿಡುವುದೇ ಸರಿ. ಹಳೆಯ ವಿಟಿಪಿ ಆವೃತ್ತಿಗಳನ್ನು ಇನ್ನೂ ನೆಚ್ಚಿಕೊಂಡಿರುವ ಜಾಲ ನಿರ್ವಾಹಕರಾದರೂ, ಬಳಸಿದ ಸ್ವಿಚ್ಚನ್ನು ಜೋಡಿಸುವ ಮುನ್ನ ಅದನ್ನು ತನ್ನ ಪಟ್ಟಿಯನ್ನು ಇತರರಿಗೆ ಹರಡದ ಟ್ರಾನ್ಸ್‌ಪರೆಂಟ್ ಸ್ಥಿತಿಗೆ ತಂದು, ಪರಿಷ್ಕರಣ ಸಂಖ್ಯೆ ಸೊನ್ನೆಗೆ ಇಳಿದಿದೆಯೇ ಎಂದು ತಪ್ಪದೆ ನೋಡಿಕೊಳ್ಳಬೇಕು.