ಧ್ರುವಪ್ರಭೆಯ ದರ್ಶನವೂ ದೇಹದ ಎಚ್ಚರವೂ

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದೆಹಲಿಯ ಆಕಾಶವನ್ನು ದಿಟ್ಟಿಸಿದವರಿಗೆ ಹೊಗೆಯೂ ಮಂಜೂ ಬೆರೆತ ಬೂದು ತೆರೆಯೊಂದೇ ಕಾಣುತ್ತದೆ. ನಕ್ಷತ್ರಗಳನ್ನು ಎಣಿಸಲು ಕೈಬೆರಳುಗಳೇ ಸಾಕು. ಆದ್ದರಿಂದಲೋ ಏನೋ, ಇಲ್ಲಿಯ ಕನ್ನಡ ಕುಟುಂಬಗಳಲ್ಲಿಯೂ ರಜೆಯ ಮಾತು ಬಂದಾಗ ಈಗ ಹಿಮದ ನಾಡುಗಳ ಹೆಸರು ಕೇಳಿಬರುತ್ತಿದೆ. ಅನುಕೂಲವುಳ್ಳವರು ನಾರ್ವೆಯ ಟ್ರೋಮ್ಸೋ, ಫಿನ್ಲೆಂಡಿನ ರೊವಾನಿಯೆಮಿ ಮೊದಲಾದ ಊರುಗಳ ಬಳಿಯ ಮರದ ವಸತಿಗೃಹಗಳಲ್ಲಿ ತಂಗುತ್ತಾರೆ. ಹಗಲಿನಲ್ಲಿ ನಾಯಿಗಳೆಳೆಯುವ ಜಾರುಬಂಡಿಯ ಸವಾರಿ. ರಾತ್ರಿಯಲ್ಲಿ ಧ್ರುವಪ್ರಭೆಗಾಗಿ ಕಾಯುವಿಕೆ. ಅಷ್ಟು ದೂರ ಹೋಗಲಾರದವರು ಲಡಾಖಿನತ್ತ ನೋಡುತ್ತಾರೆ. ಚಳಿ ಎರಡೂ ಕಡೆ ಇದೆ. ಆದರೆ ದೇಹಕ್ಕೆ ಒದಗುವ ಪರೀಕ್ಷೆ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹೊರಡುವುದರಲ್ಲಿ ಪ್ರಾಣಾಪಾಯವಿದೆ.

ಈ ಲೇಖಕನು ವೈದ್ಯನಲ್ಲ. ಲೆಕ್ಕಪತ್ರಗಳ ನಡುವೆ ಬದುಕುವ ಬ್ಯಾಂಕಿನ ಉದ್ಯೋಗಿ. ವೈದ್ಯಶಾಸ್ತ್ರವು ಖಚಿತವಾಗಿ ತಿಳಿಸಿರುವ ಸಂಗತಿಗಳನ್ನು ಸಾಮಾನ್ಯ ವಾಚಕರಿಗೆ ತಲಪಿಸುವುದಷ್ಟೇ ಇಲ್ಲಿಯ ಉದ್ದೇಶ.

ಬೆಳಕಿನ ಮೂಲ

ಸೂರ್ಯನಿಂದ ವಿದ್ಯುತ್ಕಣಗಳ ಪ್ರವಾಹವೊಂದು ಸದಾ ಹೊರಹೊಮ್ಮುತ್ತಿರುತ್ತದೆ. ಸೂರ್ಯನ ಬೆಳಕು ನಮ್ಮನ್ನು ತಲಪಲು ಸುಮಾರು 8 ನಿಮಿಷ ಸಾಕು. ಸೌರಸ್ಫೋಟದಿಂದ ಸಿಡಿದ ಕಣಗಳ ಮೋಡಕ್ಕಾದರೋ ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳು ಬೇಕು. ಅದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದಾಗ, ವಿದ್ಯುತ್ಕಣಗಳು ಧ್ರುವಪ್ರದೇಶಗಳ ಮೇಲಣ ವಾಯುಮಂಡಲಕ್ಕೆ ಇಳಿದು ಅಲ್ಲಿಯ ಅಣುಗಳಿಗೆ ಬಡಿಯುತ್ತವೆ. ಸುಮಾರು 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕವು ಹಸಿರಾಗಿಯೂ, 200 ಕಿಲೋಮೀಟರಿಗೂ ಮೇಲೆ ಕೆಂಪಾಗಿಯೂ ಹೊಳೆಯುತ್ತದೆ. ನೀಲಿ, ನೇರಳೆ ಛಾಯೆಗಳು ಸಾರಜನಕದವು.

ಸೌರಚಂಡಮಾರುತವು ಪ್ರಬಲವಾದಾಗ ಈ ಪ್ರಭೆ ಧ್ರುವಗಳಿಂದ ಬಹುದೂರದವರೆಗೆ ಹಬ್ಬುತ್ತದೆ. 1872ರ ಫೆಬ್ರವರಿ 4ರ ರಾತ್ರಿ ಮುಂಬಯಿಯಲ್ಲಿಯೂ ಅದು ಕಂಡಿತೆಂದು ದಾಖಲೆಯಿದೆ.

ಹಾನ್ಲೆಯ ಕೆಂಪು ಆಕಾಶ

ನಮ್ಮ ಕಾಲದಲ್ಲಿ ಭಾರತದ ನೆಲದಿಂದ ಇಂತಹ ಬೆಳಕನ್ನು ಹಿಡಿದಿಟ್ಟ ಊರು ಲಡಾಖಿನ ಹಾನ್ಲೆ. ಅಲ್ಲಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯವು ಸುಮಾರು 4,500 ಮೀಟರ್ ಎತ್ತರದಲ್ಲಿ ನಿಂತಿದೆ. ಅಲ್ಲಿಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹದ ಸಂಪರ್ಕದ ಮೂಲಕ ನಡೆಸುವವರು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತಿರುತ್ತಾರೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಸಂರಕ್ಷಿತ ವಲಯವೆಂದು ಸಾರಲಾಯಿತು. ಊರಿನ ಯುವಕ ಯುವತಿಯರೇ ತರಬೇತಿ ಹೊಂದಿ, ಬಂದವರಿಗೆ ದೂರದರ್ಶಕದಲ್ಲಿ ಆಕಾಶವನ್ನು ತೋರಿಸುತ್ತಾರೆ.

2024ರ ಮೇ 10 ಮತ್ತು 11ರ ನಡುವಣ ರಾತ್ರಿ, ಎರಡು ದಶಕಗಳಲ್ಲಿಯೇ ಪ್ರಬಲವಾದ ಸೌರಚಂಡಮಾರುತವು ಭೂಮಿಗೆ ಬಡಿದಾಗ ಹಾನ್ಲೆಯ ಕ್ಯಾಮರಾಗಳು ಉತ್ತರ ದಿಗಂತದ ಮೇಲೆ ಕೆಂಪು ಪ್ರಭೆಯನ್ನು ದಾಖಲಿಸಿದವು. ಅದೇ ವರ್ಷದ ಅಕ್ಟೋಬರ್ 10ರ ರಾತ್ರಿಯೂ ಆ ಕೆಂಪು ಕಂಡಿತು. ಆದರೆ ಟ್ರೋಮ್ಸೋ ಇರುವುದು ಸುಮಾರು 70 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾನ್ಲೆ ಇರುವುದು 33 ಡಿಗ್ರಿಯ ಆಸುಪಾಸಿನಲ್ಲಿ. ಭೂಮಿಯ ಬಾಗುವಿಕೆಯಿಂದಾಗಿ ಇಲ್ಲಿಗೆ ಪ್ರಭೆಯ ಮೇಲಂಚಿನ ಕೆಂಪು ಮಾತ್ರ ಎಟುಕುತ್ತದೆ. ಅದೂ ಬರಿಗಣ್ಣಿಗೆ ಮಸುಕು. ದೀರ್ಘಕಾಲ ತೆರೆದಿಟ್ಟ ಕ್ಯಾಮರಾಕ್ಕೆ ಸ್ಪಷ್ಟ. ಆದ್ದರಿಂದ ಪ್ರಭೆಯನ್ನು ಕಾಣುವ ಭರವಸೆಯಿಂದ ಯಾರೂ ಹಾನ್ಲೆಗೆ ಹೋಗಬಾರದು. ಅಲ್ಲಿ ನಿಶ್ಚಿತವಾಗಿ ದೊರೆಯುವುದು, ಮೋಡವಿಲ್ಲದ ರಾತ್ರಿಯಲ್ಲಿ, ತಲೆಯ ಮೇಲೆ ತುಂಬಿದ ನಕ್ಷತ್ರರಾಶಿ.

ಮೊದಲ ಶತ್ರು ಎತ್ತರ

ಟ್ರೋಮ್ಸೋ ಸಮುದ್ರತೀರದ ಊರು. ಅಲ್ಲಿಗೆ ಹೋದವರು ಚಳಿಯನ್ನಷ್ಟೇ ಎದುರಿಸಿದರೆ ಸಾಕು. ಲಡಾಖಿನ ಕಥೆ ಬೇರೆ. ದೆಹಲಿಯ ಎತ್ತರ ಸುಮಾರು 216 ಮೀಟರ್. ಲೇಹ್ ಪಟ್ಟಣದ್ದು ಸುಮಾರು 3,500 ಮೀಟರ್. ವಿಮಾನವು ಈ ಅಂತರವನ್ನು ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಏರಿಬಿಡುತ್ತದೆ, ಶರೀರವು ಏರಲಾರದು. ಲೇಹ್‌ನಲ್ಲಿ ಪ್ರತಿ ಉಸಿರಿಗೂ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು ಆಮ್ಲಜನಕ ಮಾತ್ರ ದೊರೆಯುತ್ತದೆ. ಹಾನ್ಲೆಯಲ್ಲಿ ಅದು ಐದರಲ್ಲಿ ಮೂರು ಪಾಲಿಗೂ ಕಡಿಮೆ. ಈ ಕೊರತೆಗೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ವ್ಯಾಯಾಮದ ಅಭ್ಯಾಸವಾಗಲಿ, ತಾರುಣ್ಯವಾಗಲಿ ಇದರಿಂದ ರಕ್ಷಿಸುವುದಿಲ್ಲ.

ತಲೆನೋವು, ಓಕರಿಕೆ, ಹಸಿವಿಲ್ಲದಿರುವಿಕೆ, ಆಯಾಸ, ನಿದ್ರಾಭಂಗ ಇವು ಎತ್ತರದ ಕಾಯಿಲೆಯ ಮೊದಲ ಚಿಹ್ನೆಗಳು. ಸಾಮಾನ್ಯವಾಗಿ ತಲಪಿದ ಮೊದಲ ದಿನದಲ್ಲಿಯೇ ತೋರುತ್ತವೆ. ಆಗ ಮೇಲೇರದೆ ವಿಶ್ರಮಿಸಿದರೆ ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಚಿಹ್ನೆಗಳನ್ನು ಕಡೆಗಣಿಸಿ ಏರಿದವರಿಗೆ ಎರಡು ಘೋರ ಸ್ಥಿತಿಗಳು ಒದಗಬಹುದು. ಮೊದಲನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು: ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ಕೆಲವೊಮ್ಮೆ ನಸುಗೆಂಪು ನೊರೆಗಫ. ಎರಡನೆಯದು ಮಿದುಳಿನ ಊತ: ಮಾತಿನಲ್ಲಿ ಗೊಂದಲ, ನಡಿಗೆಯಲ್ಲಿ ತೂರಾಟ. ಇವು ಕಂಡೊಡನೆ ಆಮ್ಲಜನಕವನ್ನು ಕೊಡುತ್ತ ರೋಗಿಯನ್ನು ಕೆಳಗಿಳಿಸಬೇಕು, ಬೆಳಗಾಗಲೆಂದು ಕಾಯಬಾರದು. ಹಾನ್ಲೆಯಿಂದ ಲೇಹ್‌ಗೆ ಸುಮಾರು 250 ಕಿಲೋಮೀಟರ್ ದಾರಿಯೆಂಬುದನ್ನು ಹೊರಡುವ ಮೊದಲೇ ನೆನೆಯುವುದು ಒಳ್ಳೆಯದು.

ತೊಂದರೆಯ ಬೇರು ಹಲವೊಮ್ಮೆ ನಮ್ಮ ರಜೆಯ ಲೆಕ್ಕದಲ್ಲಿದೆ. ಶನಿವಾರ, ಭಾನುವಾರಗಳಿಗೆ ಎರಡು ದಿನ ಸೇರಿಸಿ ನಾಲ್ಕು ದಿನಗಳಲ್ಲಿ ಹಾನ್ಲೆಯನ್ನು ಮುಗಿಸಿ ಬರುವ ಯೋಜನೆ ಕಾಗದದ ಮೇಲೆ ಸರಿದೂಗುತ್ತದೆ, ಶರೀರದಲ್ಲಿ ಸರಿದೂಗುವುದಿಲ್ಲ. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಸ್ಥಳದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಾಮಾನ್ಯ ನಿಯಮ. ಆದ್ದರಿಂದ ಲೇಹ್‌ನಲ್ಲಿ ಮೂರು ರಾತ್ರಿ, ಸಿಂಧೂ ಕಣಿವೆಯ ದಾರಿಯಲ್ಲಿ ನಡುವೆ ಒಂದು ರಾತ್ರಿ, ಅನಂತರ ಹಾನ್ಲೆ. ಹಿಂದಿರುಗುವ ಪ್ರಯಾಣವೂ ಸೇರಿ ಎಂಟು ದಿನಗಳಾದರೂ ಬೇಕು. ಮೊದಲ ಎರಡು ದಿನ ಮದ್ಯ, ನಿದ್ರೆಗುಳಿಗೆ, ಶ್ರಮದ ನಡಿಗೆ ಯಾವುದೂ ಸಲ್ಲದು. ಅಸಿಟಜೋಲಮೈಡ್ ಎಂಬ ಗುಳಿಗೆ ಹೊಂದಾಣಿಕೆಗೆ ನೆರವಾಗುತ್ತದೆ; ಆದರೆ ಅದನ್ನು ವೈದ್ಯರನ್ನು ಕೇಳಿಯೇ ಸೇವಿಸಬೇಕು. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಟಿಕೆಟ್ ಕೊಳ್ಳುವ ಮುನ್ನವೇ ವೈದ್ಯರ ಅಭಿಪ್ರಾಯ ಪಡೆಯಬೇಕು.

ಲೇಹ್‌ನ ಹೆಪ್ಪುಗಟ್ಟಿದ ಕೊಳಗಳ ಮೇಲೆ ನಡೆಯುವ ಹಿಮ ಹಾಕಿಯನ್ನು ನೋಡುವುದು, ಜಂಸ್ಕಾರ್ ನದಿಯ ಮಂಜುಗಡ್ಡೆಯ ಮೇಲಣ ಚಾದರ್ ನಡಿಗೆ, ಹೆಮಿಸ್ ಪ್ರದೇಶದ ಹಿಮಚಿರತೆಯ ವೀಕ್ಷಣೆ ಮುಂತಾದ ಚಳಿಗಾಲದ ಆಕರ್ಷಣೆಗಳೆಲ್ಲಕ್ಕೂ ಈ ಕಾಯುವಿಕೆಯೇ ಮೊದಲ ಮೆಟ್ಟಿಲು.

ಚಳಿಯ ಉಪಚಾರ

ಹಾನ್ಲೆಯಲ್ಲಿ ಚಳಿಗಾಲದ ರಾತ್ರಿ ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿ ಕೆಳಗೂ ಇಳಿಯುತ್ತದೆ. ನಾವು ಒಳಗೆ ತೊಡುವ ಹತ್ತಿಯ ಬನಿಯನ್ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು ದೇಹದ ಶಾಖವನ್ನು ಕಸಿಯುತ್ತದೆ. ಮೈಗೆ ತಾಗುವಂತೆ ತೆಳು ಉಣ್ಣೆಯ ಉಡುಪು, ಅದರ ಮೇಲೆ ದಪ್ಪ ಉಣ್ಣೆ, ಹೊರಗೆ ಗಾಳಿ ತೂರದ ಕೋಟು ಹೀಗೆ ಮೂರು ಪದರ ಇರಬೇಕು. ಬೆರಳುಗಳು ಬೇರೆಬೇರೆಯಾಗಿರುವ ಕೈಚೀಲಕ್ಕಿಂತ ಎಲ್ಲ ಬೆರಳುಗಳೂ ಒಟ್ಟಿಗಿರುವುದು ಬೆಚ್ಚಗೆ. ಬಿಗಿಯಾದ ಬೂಟು ರಕ್ತಸಂಚಾರವನ್ನು ತಡೆಯುತ್ತದೆ.

ಬೆರಳು, ಮೂಗು, ಕಿವಿಗಳು ಮರಗಟ್ಟಿ ಬಿಳಿಚಿಕೊಂಡರೆ ಅದು ಹಿಮಕಡಿತದ ಸೂಚನೆ. ಅವನ್ನು ಉಜ್ಜಲೂ ಬಾರದು, ಬೆಂಕಿಗೆ ಹಿಡಿಯಲೂ ಬಾರದು. ಸ್ಪರ್ಶಜ್ಞಾನವಿಲ್ಲದ ಚರ್ಮ ಅರಿವಿಲ್ಲದೆಯೇ ಸುಟ್ಟುಹೋಗುತ್ತದೆ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಕಡೆ 37ರಿಂದ 39 ಡಿಗ್ರಿ ಬಿಸಿಯ ನೀರಿನಲ್ಲಿ ಇಟ್ಟು ವೈದ್ಯರಲ್ಲಿಗೆ ಒಯ್ಯಬೇಕು. ನಡುಗುತ್ತಿದ್ದವನು ನಡುಕ ನಿಂತು ಮಂಕಾದರೆ ಅದು ಸುಧಾರಣೆಯಲ್ಲ, ದೇಹದ ಒಳಶಾಖವೇ ಕುಸಿಯುತ್ತಿರುವುದರ ಲಕ್ಷಣ.

ಇನ್ನೊಂದು ಅಪಾಯವನ್ನು ದೆಹಲಿಯವರಾದ ನಾವು ಚೆನ್ನಾಗಿ ಬಲ್ಲೆವು. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಹಚ್ಚಿ ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ಸುದ್ದಿ ಇಲ್ಲಿಯ ಚಳಿಗಾಲದಲ್ಲಿ ಮರುಕಳಿಸುತ್ತಲೇ ಇರುತ್ತದೆ. ಕಾರಣ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ. ಲಡಾಖಿನ ಬುಖಾರಿ ಒಲೆಗೂ ಈ ಎಚ್ಚರಿಕೆ ಅನ್ವಯಿಸುತ್ತದೆ: ಹೊಗೆಕೊಳವೆ ಸರಿಯಾಗಿರಬೇಕು, ಗಾಳಿಗೆ ದಾರಿಯಿರಬೇಕು, ಮಲಗುವ ಮುನ್ನ ಬೆಂಕಿ ಆರಿರಬೇಕು. ಈ ಅನಿಲದ ವಿಷದಿಂದಲೂ ಮೊದಲು ತಲೆನೋವೇ ಬರುವುದರಿಂದ ಅದನ್ನು ಎತ್ತರದ ಕಾಯಿಲೆಯೆಂದು ತಪ್ಪಾಗಿ ತಿಳಿಯುವ ಸಂಭವವುಂಟು.

ಕಾಯುವ ಕ್ರಮ

ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲಿನ ಬಿಳಿ ಬೆಳಕು ತಾಗಿದರೆ ಮೊದಲಿನಿಂದ ಕಾಯಬೇಕು. ಕೆಂಪು ಟಾರ್ಚ್ ಉತ್ತಮ. ನಿಂತಲ್ಲೇ ನಿಲ್ಲದೆ ಕೈಕಾಲುಗಳನ್ನು ಆಡಿಸುತ್ತಿರಬೇಕು. ಆಗಾಗ ಒಳಗೆ ಹೋಗಿ ಬಿಸಿ ಪಾನೀಯ ಸೇವಿಸಬೇಕು. ಹಗಲಿನಲ್ಲಿ ಹಿಮದ ಪ್ರತಿಫಲನದಿಂದ ಕಣ್ಣನ್ನು ಕಾಪಾಡಲು ಕಪ್ಪು ಕನ್ನಡಕ ಅವಶ್ಯ.

2023ರ ಡಿಸೆಂಬರಿನಲ್ಲಿ ಭಾರತವು ಉತ್ತರಧ್ರುವದ ಸಮೀಪದ ತನ್ನ ಹಿಮಾದ್ರಿ ಕೇಂದ್ರಕ್ಕೆ ಮೊದಲ ಚಳಿಗಾಲದ ತಂಡವನ್ನು ಕಳುಹಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ವಿಜ್ಞಾನಿಗಳೇ ಸಿದ್ಧತೆಯೊಡನೆ ಹೋಗುವ ಇಂತಹ ನಾಡಿಗೆ ಗೃಹಸ್ಥರಾದ ನಾವು ಅವಸರದಲ್ಲಿ ಹೋಗುವುದು ತರವಲ್ಲ. ರಜೆಯ ಅರ್ಜಿಯನ್ನು ಬರೆಯುವಾಗಲೇ ಶರೀರಕ್ಕೆ ಬೇಕಾದ ದಿನಗಳನ್ನು ಮೊದಲು ಕಳೆದು, ಉಳಿದ ದಿನಗಳನ್ನು ಮಾತ್ರ ನೋಟಕ್ಕೆಂದು ಎಣಿಸುವುದು ವಿವೇಕ. ಅಷ್ಟು ದಿನ ದೊರೆಯದ ವರ್ಷ ಪ್ರವಾಸವನ್ನು ಮುಂದೂಡಿದರೆ ನಷ್ಟವೇನೂ ಇಲ್ಲ.