ಮುಂಬಾಗಿಲಿಗೆ ಬೀಗ, ಹಿತ್ತಿಲು ಬಯಲು

2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಕಂಪ್ಯೂಟರ್ ಹುಳು ಹತ್ತೇ ನಿಮಿಷದಲ್ಲಿ ಜಗತ್ತನ್ನೆಲ್ಲ ಸುತ್ತಿಬಂತು. ಗಾತ್ರ ಬರೀ 376 ಬೈಟ್. ಅದು ನುಗ್ಗುತ್ತಿದ್ದುದು ಯುಡಿಪಿ 1434ನೇ ಪೋರ್ಟ್ ಮೂಲಕ. ಅಮೆರಿಕದ ಓಹಾಯೊ ರಾಜ್ಯದ ಡೇವಿಸ್-ಬೆಸ್ ಅಣುಸ್ಥಾವರದ ಫೈರ್‌ವಾಲ್ ಆ ಪೋರ್ಟನ್ನು ಮುಚ್ಚಿಯೇ ಇತ್ತು. ಆದರೂ ಹುಳು ಒಳಗೆ ಬಂತು! ಗುತ್ತಿಗೆ ಕಂಪನಿಯೊಂದಕ್ಕೆ ಕೊಟ್ಟಿದ್ದ ಲೈನ್, ಫೈರ್‌ವಾಲ್ ತಪ್ಪಿಸಿ ನೇರ ಒಳಜಾಲಕ್ಕೆ ಸೇರುತ್ತಿತ್ತು. ಸುರಕ್ಷತೆಯ ಮಾಹಿತಿ ತೋರಿಸುವ ವ್ಯವಸ್ಥೆ ಸುಮಾರು ಐದು ಗಂಟೆ ಸ್ತಬ್ಧವಾಯಿತು. ಸ್ಥಾವರ ಬೇರೆ ಕಾರಣಕ್ಕೆ ಮೊದಲೇ ನಿಂತಿದ್ದುದು ಪುಣ್ಯ.

ಆಕ್ಸೆಸ್ ಕಂಟ್ರೋಲ್ ಲಿಸ್ಟ್, ಅಂದರೆ ಎಸಿಎಲ್ ಬರೆಯುವ ಪ್ರತಿಯೊಬ್ಬರೂ ಈ ಪ್ರಕರಣವನ್ನು ನೆನಪಿಡಬೇಕು. ಪಟ್ಟಿ ಎಷ್ಟೇ ಚೆನ್ನಾಗಿರಲಿ, ಯಾವ ಇಂಟರ್‌ಫೇಸ್‌ಗೆ, ಯಾವ ದಿಕ್ಕಿಗೆ ಹಾಕಿದ್ದೀರೋ ಅಲ್ಲಷ್ಟೇ ಅದು ಕಾಯುತ್ತದೆ.

ಪಟ್ಟಿಯೊಳಗಿನ ಕ್ರಮವೂ ಅಷ್ಟೇ ಮುಖ್ಯ. ರೂಟರ್ ಮೇಲಿನಿಂದ ಓದುತ್ತಾ ಬರುತ್ತದೆ. ಮೊದಲು ಹೊಂದಿದ ಸಾಲೇ ಅಂತಿಮ, ಕೆಳಗಿನದನ್ನು ನೋಡುವುದೇ ಇಲ್ಲ. ಕಾಲೇಜಿನ ಲ್ಯಾಬ್ 192.168.10.0 ಜಾಲದಲ್ಲಿದೆ ಎನ್ನಿ. ಅಲ್ಲಿಗೆ ಇಂಟರ್ನೆಟ್ ಬೇಕು, ಪರೀಕ್ಷಾ ವಿಭಾಗದ ಸರ್ವರ್ ಮಾತ್ರ ಸಿಗಬಾರದು. ‘ಲ್ಯಾಬ್‌ನಿಂದ ಎಲ್ಲ ಕಡೆಗೂ ಪರ್ಮಿಟ್’ ಎಂಬ ಸಾಲು ಮೇಲಿದ್ದರೆ, ಅದರ ಕೆಳಗಿನ ‘ಸರ್ವರ್‌ಗೆ ಡಿನೈ’ ಇದ್ದೂ ಇಲ್ಲದಂತೆ. ಸಿಸ್ಕೊ ರೂಟರ್‌ಗಳಲ್ಲಿ ಪಟ್ಟಿಯ ತುದಿಗೆ ಕಣ್ಣಿಗೆ ಕಾಣದ ‘ಉಳಿದದ್ದೆಲ್ಲ ಡಿನೈ’ ಬೇರೆ ಇರುತ್ತದೆ. ಬರೀ ಡಿನೈ ಸಾಲುಗಳನ್ನೇ ಬರೆದರೆ ಇಡೀ ಲ್ಯಾಬಿನ ಸಂಪರ್ಕ ಕಡಿದುಹೋಗುತ್ತದೆ. ಇನ್ನು ವೈಲ್ಡ್‌ಕಾರ್ಡ್ ಮಾಸ್ಕ್: ಇಲ್ಲಿ 0.0.0.255 ಬರಬೇಕು. ಅಭ್ಯಾಸಬಲದಿಂದ 255.255.255.0 ಎಂದು ಬರೆದರೆ ಲ್ಯಾಬಿನ ಒಂದು ಕಂಪ್ಯೂಟರೂ ಆ ಸಾಲಿಗೆ ಸಿಕ್ಕುವುದಿಲ್ಲ.

ದೂರದಿಂದ ಲಾಗಿನ್ ಆಗಿ ಎಸಿಎಲ್ ಹಾಕುವಾಗ ಮೊದಲು ‘ರೀಲೋಡ್ ಇನ್ 10’ ಕೊಡುವುದು ಜಾಣತನ. ಹೊಸ ಕಾನ್ಫಿಗ್ ಅನ್ನು ಸೇವ್ ಮಾಡಬೇಡಿ. ನಿಮ್ಮ ದಾರಿಯೇ ಮುಚ್ಚಿಹೋದರೂ ಹತ್ತು ನಿಮಿಷಕ್ಕೆ ರೂಟರ್ ರೀಸ್ಟಾರ್ಟ್ ಆಗಿ ಹಳೆಯದಕ್ಕೆ ಮರಳುತ್ತದೆ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ಮರೆಯದಿರಿ.

ನನ್ನನ್ನು ಹೆಚ್ಚು ಕಾಡುವುದು ತಾತ್ಕಾಲಿಕ ಪರ್ಮಿಟ್‌ಗಳು. ವೆಂಡರ್‌ಗೆಂದು ಎರಡು ದಿನಕ್ಕೆ ತೆರೆದ ಪೋರ್ಟ್, ತೆರೆದವರು ಕೆಲಸ ಬಿಟ್ಟುಹೋದ ಮೇಲೂ ತೆರೆದೇ ಇರುತ್ತದೆ. ಏಕೆ ತೆರೆದದ್ದೆಂದು ಗೊತ್ತಿಲ್ಲದ್ದರಿಂದ ಮುಚ್ಚಲು ಯಾರಿಗೂ ಧೈರ್ಯ ಬರುವುದಿಲ್ಲ. ದಯವಿಟ್ಟು ಪ್ರತಿ ಸಾಲಿನ ಮೇಲೂ ‘ರಿಮಾರ್ಕ್’ ಬರೆಯಿರಿ: ಯಾರಿಗಾಗಿ, ಯಾವ ಕೆಲಸಕ್ಕೆ, ಎಂದಿನವರೆಗೆ. ‘ಶೋ ಆಕ್ಸೆಸ್-ಲಿಸ್ಟ್ಸ್’ ಕೊಟ್ಟಾಗ ತಿಂಗಳುಗಟ್ಟಲೆ ಒಂದು ಪ್ಯಾಕೆಟ್ಟೂ ತಾಗದ ಸಾಲು ಕಂಡರೆ ವಿಚಾರಿಸಿ. ಗಡುವು ಮುಗಿದದ್ದನ್ನು ಅಂದೇ ತೆಗೆದುಹಾಕಿ.