ಜಠರ–ಕರುಳು ತಜ್ಞರಾಗಲು ಎಷ್ಟು ವರ್ಷ ಓದಬೇಕು?

ಭಾರತದಲ್ಲಿ ಜಠರ–ಕರುಳು ರೋಗತಜ್ಞರ ಓದು ಸುಮಾರು ಹನ್ನೊಂದೂವರೆ ವರ್ಷದ್ದು. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ 5.5 ವರ್ಷ, ನೀಟ್-ಪಿಜಿ ಬರೆದು ಜನರಲ್ ಮೆಡಿಸಿನ್ ಎಂಡಿ 3 ವರ್ಷ, ನೀಟ್-ಎಸ್‌ಎಸ್ ದಾಟಿದರೆ ಡಿಎಂ ಮತ್ತೆ 3 ವರ್ಷ.

ಡಿಎಂನ ನಿಜವಾದ ಪಾಠ ನಡೆಯುವುದು ಎಂಡೋಸ್ಕೋಪಿ ಕೋಣೆಯಲ್ಲಿ. ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಅನ್ನನಾಳ, ಜಠರ ನೋಡುವುದು ಮೊದಲು ಕೈಗೆ ಹತ್ತುತ್ತದೆ. ಗುದದ್ವಾರದ ಮೂಲಕ ದೊಡ್ಡ ಕರುಳಿನ ತಿರುವುಗಳಲ್ಲಿ ಇಂಥ ಕೊಳವೆ ಸಾಗಿಸಲು ಇನ್ನಷ್ಟು ಪಳಗಬೇಕು. ಪಿತ್ತನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಇವುಗಳಿಗಿಂತ ಕಠಿಣ. ಮೇದೋಜೀರಕ ಗ್ರಂಥಿಗೆ ಉರಿಯೂತ ತಗಲುವ ಅಪಾಯವಿರುವುದರಿಂದ ಹಿರಿಯರ ಕಣ್ಣೆದುರಿನಲ್ಲೇ ಕಲಿಯಬೇಕು. ರಕ್ತ ವಾಂತಿ ಮಾಡಿಕೊಂಡು ನಡುರಾತ್ರಿ ಬಂದ ಲಿವರ್ ರೋಗಿಯ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಜೀವ ಉಳಿಸುವವರೂ ಈ ತಜ್ಞರೇ. ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಮಾತ್ರ ಇವರದಲ್ಲ. ಅದಕ್ಕೆ ಎಂಎಸ್ ನಂತರ ಎಂಸಿಎಚ್ ಮಾಡಿದ ಸರ್ಜನ್ನರಿದ್ದಾರೆ.